ಗಿಟಾರಿಗೆ ಬ್ಯಾರೆ ಬ್ರಿಜ್ ಹಚ್ಚಿದ್ದು: ನನ್ನ ಅನುಭವ

ನನ್ನದು ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್) ನಮೂನಿ ಎಲೆಕ್ಟ್ರಿಕ್ ಗಿಟಾರ್, ಅಗ್ಗದ್ದ. ನೆಕ್ ಕೈಗೆ ಭಾಳ ಛಲೋ ಹೊಂದಿಕೊಂಡೈತಿ, ಪಿಕಪ್ ಮೊದಲೇ ಬದಲಿ ಮಾಡಿದ್ನಿ, ಉಳದಿದ್ದು ಬ್ರಿಜ್ ಒಂದ, ಅಂದ್ರ ಬಾಡಿ ಮ್ಯಾಲ ಸ್ಟ್ರಿಂಗ್ ಕುಂಡ್ರೋ ಲೋಹದ ಭಾಗ. ಟ್ರೆಮೊಲೊ ಬಾರ್ (ಬ್ರಿಜ್ ಅಲುಗಿಸಿ ಸ್ವರ ಏರಿಳಿಸೋ ಕಡ್ಡಿ) ಹಾಕೋ ತೂತಿನ ಥ್ರೆಡ್ ಸವದು ಬಾರ್ ಲಟಲಟ ಅಂತಿತ್ತು, ಒಂದೊಂದು ಸ್ಟ್ರಿಂಗ್ ಕುಂಡ್ರೋ ಸ್ಯಾಡಲಿನ ಸಣ್ಣ ಸ್ಕ್ರೂ ತುಕ್ಕು ಹಿಡದು ಅಲೆನ್ ಕೀ ಹಾಕಿದ್ರೂ ತಿರಗತಿರಲಿಲ್ಲ. ಹುಬ್ಬಳ್ಳಿ ಗಣಪತಿ ಪೆಂಡಾಲದಾಗ ಆರ್ಕೆಸ್ಟ್ರಾ ಬಾರಸೋರಿಗೆ ಬೆವರು ಅಂದ್ರ ಏನಂತ ನಾ ಬ್ಯಾರೆ ಹೇಳೋದು ಬ್ಯಾಡ.

ಬ್ರಿಜ್ ಹುಡಕಾಕ ಕುಂತ್ರ ಎಲ್ಲಾರೂ ಮೊದಲ ಟೋನ್ ಬಗ್ಗೇನ ಮಾತಾಡ್ತಾರ, ಬ್ರಿಜ್ ಕೆಳಗ ಬಾಡಿಯೊಳಗ ಇಳಿಯೋ ಬ್ಲಾಕ್ ಹಿತ್ತಾಳಿದು ಹಾಕ್ರಿ, ಸ್ಟೀಲ್ ಬ್ಲಾಕ್ ಹಾಕ್ರಿ, ಸಸ್ಟೇನ್ (ಸ್ವರ ನಿಲ್ಲೋ ಹೊತ್ತು) ಹಂಗ ಬರತೈತಿ ಹಿಂಗ ಬರತೈತಿ ಅಂತ. ನಾ ಹೇಳೋದು, ಟೋನ್ ಕಡೀಕ ಇರ್ಲಿ. ಮೊದಲ ನೀವು ಬಾರಸೋದು ಏನು, ಆಮ್ಯಾಲೆ ನಿಮ್ಮ ಗಿಟಾರಿನ ಅಳತಿ ಏನು, ಇವೆರಡು ಗೊತ್ತಾದ್ರ ಅರ್ಧಕ್ಕರ್ಧ ಬ್ರಿಜ್ ತಾವ ಲಿಸ್ಟಿನಿಂದ ಬಿದ್ದು ಹೋಗ್ತಾವ.

ನಾ ಬಾರಸೋದ್ರಾಗ ಎರಡು ನಮೂನಿ ಕೆಲಸ. ಒಂದು ಆರ್ಕೆಸ್ಟ್ರಾ, ಅಲ್ಲಿ ನಡುವ ಸ್ಟ್ರಿಂಗ್ ಹರದ್ರೂ ಹಾಡು ನಿಲ್ಲಸಾಕ ಬರಂಗಿಲ್ಲ. ಇನ್ನೊಂದು ಮನ್ಯಾಗ, ಧಾರವಾಡದ ಗಾಳಿ ಕುಡದೋರಿಗೆ ಇರೋ ಚಟ, ಗಿಟಾರ್ ಮ್ಯಾಲ ರಾಗ ತಗಿಯೋದು. ಕೆಳಗಿನ ಒಂದು ಸ್ಟ್ರಿಂಗ್ ಬೆರಳು ಒತ್ತದ ಬಾರಿಸಿ ಷಡ್ಜ ಹಿಡ್ಕೊಂಡು ಮ್ಯಾಲಿನ ಸ್ಟ್ರಿಂಗ್ ಜಗ್ಗಿ ಮೀಂಡ್ (ಸ್ವರದಿಂದ ಸ್ವರಕ್ಕ ಜಾರೋದು) ತಗೀತೀನಿ. ಫ್ಲೋಟಿಂಗ್ ಬ್ರಿಜ್ ಇದ್ರ ಇಲ್ಲೇ ತಂಟೆ. ಒಂದು ಕಡೆ ಆರು ಸ್ಟ್ರಿಂಗ್, ಇನ್ನೊಂದು ಕಡೆ ಹಿಂದಿನ ಸ್ಪ್ರಿಂಗ್, ಇವೆರಡರ ಜಗ್ಗಾಟದಾಗ ಬ್ರಿಜ್ ತೂಗಿ ನಿಂತಿರತೈತಿ. 10-46 ದಪ್ಪದ ಸ್ಟ್ರಿಂಗ್ ಸೆಟ್ (ಇಂಚಿನ ಸಾವಿರದ ಲೆಕ್ಕ) ಹಾಕಿ ಸ್ಟ್ಯಾಂಡರ್ಡ್ ಟ್ಯೂನಿಂಗ್ ಮಾಡಿದ್ರ ಆರೂ ಸೇರಿ ಸುಮಾರು 47 ಕೆಜಿ ಜಗ್ಗತಾವ. ನೀವು ಒಂದು ಸ್ಟ್ರಿಂಗ್ ಬೆಂಡ್ ಮಾಡಿದ್ರ ಆ ಜಗ್ಗು ಹೆಚ್ಚಾಗಿ ಬ್ರಿಜ್ ಮುಂದ ಬಾಗತೈತಿ, ಉಳಿದ ಐದೂ ಇಳೀತಾವ, ಅಂದ್ರ ಷಡ್ಜಾನ ಜಾರತೈತಿ. ಒಂದು ಹರದ್ರ ಉಲ್ಟಾ, ಸ್ಪ್ರಿಂಗ್ ಗೆದ್ದು ಉಳಿದ ಐದೂ ಏರತಾವ. ಆರನೇ ಸ್ಟ್ರಿಂಗ್ ಇಳಿಸಿ ಡ್ರಾಪ್ ಡಿ ಮಾಡಿದ್ರೂ ಅದ ಕಥಿ.

ಹಂಗಾಗಿ ಫ್ಲಾಯ್ಡ್ ರೋಸ್ ಮೊದಲ ಬಿತ್ತು. 1970ರ ದಶಕದ ಕೊನೀಗೆ ಫ್ಲಾಯ್ಡ್ ರೋಸ್ ಅನ್ನಾವ ಮಾಡಿದ್ದದು, ನಟ್ಟಿನ (ನೆಕ್ಕಿನ ತುದಿಯ ಪಟ್ಟಿ) ಕಡೆ ಲಾಕ್, ಬ್ರಿಜ್ ಕಡೆ ಲಾಕ್, ಬಾರ್ ಪೂರ್ತಿ ಒತ್ತಿ ಸ್ವರ ಕೆಳಗ ಬೀಳಸೋ ಡೈವ್ ಬಾಂಬ್ ಹೊಡಿಯೋರಿಗೆ ಅದರಂಥಾದ್ದು ಇನ್ನೊಂದಿಲ್ಲ, ಆದ್ರ ಬಾಡಿ ಕೊರೀಬೇಕು, ಸ್ಟೇಜ್ ಮ್ಯಾಲ ಸ್ಟ್ರಿಂಗ್ ಹಾಕಾಕ ಅಲೆನ್ ಕೀ ಹುಡಕಬೇಕು, ನನಗದು ಬ್ಯಾಡ. ಎರಡು ಪೋಸ್ಟಿನ ಬ್ರಿಜ್, 80ರ ದಶಕದ ಕೊನೀಗೆ ಫೆಂಡರ್‌ನವರು ಅಮೆರಿಕನ್ ಸ್ಟ್ಯಾಂಡರ್ಡ್ ಸ್ಟ್ರಾಟಿಗೆ ಹಚ್ಚಿದ್ರಲ್ಲ ಆ ನಮೂನಿ, ಅದು ಮೆತ್ತಗ ಛಲೋ ಆಡತೈತಿ ಖರೆ, ಆದ್ರ ಹಳೇ ಆರು ತೂತು ಗಟ್ಟಿ ಕಟಗಿಯಿಂದ ಮುಚ್ಚಿ ಎರಡು ದೊಡ್ಡ ತೂತು ಹೊಡೀಬೇಕು, ಕೂದಲೆಳಿ ತಪ್ಪಿದ್ರ ಇಂಟೋನೇಶನ್ (ಪ್ರತಿ ಫ್ರೆಟ್ಟಿನಾಗ ಸ್ವರ ಸರಿ ಇರೋದು) ಹೋತು. ಹಾರ್ಡ್‌ಟೇಲ್ (ಅಲುಗದ ಬ್ರಿಜ್) ಹಚ್ಚೂಣು ಅಂದ್ರ ನಡುವಿನ ಗುಂಡಿಗೆ ಕಟಗಿ ತುಂಬಬೇಕು, ಮ್ಯಾಲಾಗಿ ಬಾರ್ ನನಗ ಆಗೀಗ ಬೇಕಾಗತೈತಿ. ಉಳದಿದ್ದು 1954ರ ಸ್ಟ್ರಾಟ್ ಕಾಲದಿಂದ ಇರೋ ಆರು ಸ್ಕ್ರೂದ ಬ್ರಿಜ್ಜ, ಅದನ್ನ ಬಾಡಿಗೆ ಒತ್ತಿ ಕುಂಡ್ರಿಸೋದು, ಬಾರ್ ಕೆಳಗ ಒತ್ತಾಕ ಅಷ್ಟ ಬರತೈತಿ, ಮ್ಯಾಲ ಜಗ್ಗಾಕ ಬರಂಗಿಲ್ಲ. ನನಗ ಅಷ್ಟು ಸಾಕು.

ಈಗ ಅಳತಿ. ವರ್ನಿಯರ್ ಕ್ಯಾಲಿಪರ್ (ಸೂಕ್ಷ್ಮ ಅಳತಿ ಸಾಧನ) ಇಲ್ದ ಬ್ರಿಜ್ ಆರ್ಡರ್ ಮಾಡಬ್ಯಾಡ್ರಿ, ಸ್ಕೇಲ್ ಪಟ್ಟಿ ನಡಿಯಂಗಿಲ್ಲ. ಮೊದಲನೇ ಸ್ಕ್ರೂದ ನಡುಮಧ್ಯದಿಂದ ಆರನೇ ಸ್ಕ್ರೂದ ನಡುಮಧ್ಯಕ್ಕ ಎಷ್ಟು ಅಂತ ನೋಡ್ರಿ. ವಿಂಟೇಜ್ ಅಳತಿ 56.4 ಮಿಮೀ, ಏಷ್ಯಾದಾಗ ಮಾಡಿದ್ವು ಭಾಳಷ್ಟು 52.5 ಇಲ್ಲಾ 54 ಇರತಾವ. ನನ್ನದು 52.5 ಬಂತು, ಅಂದ್ರ ವಿಂಟೇಜ್ ಅಂತ ಬರೆದಿದ್ದೆಲ್ಲಾ ಅಲ್ಲಿಗೇ ಕಟ್. ಸ್ಟ್ರಿಂಗ್ ಸ್ಟ್ರಿಂಗಿನ ನಡುವಿನ ಅಂತರಾನೂ ನೋಡಬೇಕು, ನೆಕ್ ಸಣ್ಣದಿದ್ದು ಬ್ರಿಜ್ ಅಗಲ ಆದ್ರ ಒಂದನೇ ಸ್ಟ್ರಿಂಗ್ ಮ್ಯಾಲಿನ ಫ್ರೆಟ್ಟಿನಾಗ ಅಂಚಿನಿಂದ ಜಾರಿ ಬೀಳತೈತಿ.

ಜನ ಮರೆಯೋದು ಬ್ಲಾಕಿನ ಉದ್ದ. ಸ್ಟ್ರಾಟ್ ಬಾಡಿ ದಪ್ಪ ಸುಮಾರು 45 ಮಿಮೀ, ಅದಕ್ಕ 42ರ ಬ್ಲಾಕ್ ಸರಿ. ಅಗ್ಗದ ಗಿಟಾರ್ ಕೆಲವು 40ರ ಆಸುಪಾಸು ಇರತಾವ, ನನ್ನದೂ ಹಂಗ. ಅದಕ್ಕ 42 ಹಾಕಿದ್ರ ಹಿಂದ ಹೊರಗ ಬಂದು ಹೊಟ್ಟಿಗೆ ತಾಗತೈತಿ, ಕವರೂ ಕೂಡಂಗಿಲ್ಲ. ಹಳೇ ಬ್ಲಾಕ್ ಅಳದ್ರ 36 ಇತ್ತು, ಅಷ್ಟ ಉದ್ದದ ಸ್ಟೀಲ್ ಬ್ಲಾಕ್ ಇರೋದು ಹುಡಕಿ ತರಿಸಿದ್ನಿ.

ಅದಕ್ಕೂ ಮೊದಲ ಹಳೇ ಬ್ಲಾಕಿನ ಥ್ರೆಡ್ ಹೊಸದಾಗಿ ಹೊಡಿಸಿದ್ರ ನಡೀತೈತೇನು ಅಂತ ಗೋಕುಲ್ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಲೇಥ್ ಅಂಗಡಿಗೆ ಒಯ್ದಿದ್ನಿ. ಅಲ್ಲಿ ಕಾಕಾ ಕೈಯಾಗ ತೂಕ ನೋಡಿ, ಮ್ಯಾಗ್ನೆಟ್ ಹಿಡದು, “ತಮ್ಮಾ, ಇದು ಎಂಎಸ್, ಅಂದ್ರ ಮೈಲ್ಡ್ ಸ್ಟೀಲ್ ಅಲ್ಲ, ಅಚ್ಚಿಗೆ ಹೊಯ್ದ ಜಿಂಕ್ ಡೈಕಾಸ್ಟ್. ಟ್ಯಾಪ್ ಹಾಕಿಕೊಡ್ತೀನಿ, ಆದ್ರ ಭಾಳ ದಿನ ನಿಂದ್ರಂಗಿಲ್ಲ” ಅಂದ್ರು. ಮ್ಯಾಗ್ನೆಟ್ಟಿನ ಪರೀಕ್ಷಾ ನೀವೂ ಮಾಡ್ರಿ, ಸ್ಟೀಲಿಗೆ ಹಿಡೀತೈತಿ, ಜಿಂಕಿಗೂ ಹಿತ್ತಾಳಿಗೂ ಹಿಡಿಯಂಗಿಲ್ಲ. ಬಾರ್ ಥ್ರೆಡ್ಡೂ ಕೇಳಿ ತಗೋರಿ, ಫೆಂಡರ್ ಅಮೆರಿಕದ್ದಕ್ಕ ಹೆಚ್ಚಾಗಿ 10-32, ಏಷ್ಯಾದ್ದಕ್ಕ ಹೆಚ್ಚಾಗಿ ಎಂ6, ಒಂದರದ್ದು ಇನ್ನೊಂದಕ್ಕ ಕೂಡಂಗಿಲ್ಲ.

ಹಚ್ಚೋದು ದೊಡ್ಡ ಕೆಲಸ ಅಲ್ಲ. ಸಡಿಲಾದ ತೂತಿಗೆ ಫೆವಿಕಾಲ್ ಹಚ್ಚಿದ ಕಟಗಿ ಕಡ್ಡಿ ತುಂಬಿ, ಒಣಗಿದ ಮ್ಯಾಲ ಸಣ್ಣ ಬಿಟ್‌ಲೆ ತೂತು ಹೊಡದು, ಸ್ಕ್ರೂಕ್ಕ ಸಾಬೂನು ತಿಕ್ಕಿ ತಿರವಿದ್ನಿ. ಹಿಂದ ಮೂರಿದ್ದ ಸ್ಪ್ರಿಂಗ್ ಐದು ಮಾಡಿ ಸ್ಪ್ರಿಂಗ್ ಹಿಡಿಯೋ ಕ್ಲಾದ ಸ್ಕ್ರೂ ಬಿಗಿ ಮಾಡಿದ್ನಿ, ಎಲ್ಲಿ ತನಕಾ ಅಂದ್ರ ದೊಡ್ಡ ಬೆಂಡ್ ತಗದಾಗೂ ಬ್ರಿಜ್ ಬಾಡಿಯಿಂದ ಏಳಬಾರದು. ಕ್ಲಾಕ್ಕ ಬೆಸಿಗಿ ಹಾಕಿದ ಅರ್ತಿಂಗ್ ವೈರ್ ಮಾತ್ರ ನೋಡ್ಕೋರಿ, ಅದು ಬಿಟ್ರ ಆಂಪ್ ಗುಂಯ್ ಅಂತೈತಿ, ತಿರಗಿ ಹಚ್ಚಾಕ 25 ವ್ಯಾಟಿನ ಐರನ್ ಸಾಲಂಗಿಲ್ಲ, ಆ ಲೋಹ ಶಾಖ ಎಲ್ಲಾ ನುಂಗತೈತಿ, 60 ವ್ಯಾಟ್ ಬೇಕು.

ಟೋನ್ ಬದಲಾತೇನು ಅಂತ ಕೇಳ್ತೀರಿ. ಸ್ವಲ್ಪ ಗಟ್ಟಿ ಬಂತು, ಆದ್ರ ಸ್ಟ್ರಿಂಗೂ ಹೊಸಾವು ಹಾಕಿದ್ನಿ, ಬ್ರಿಜ್ಜೂ ಬಾಡಿಗೆ ಒತ್ತಿ ಕುಂತೈತಿ, ಸ್ಟೀಲಿನ ಪಾಲು ಎಷ್ಟಂತ ಬಿಡಿಸಿ ಹೇಳೋದು ಸುಳ್ಳಾಗತೈತಿ. ಷಡ್ಜ ಜಾರೋದು ಮಾತ್ರ ನಿಂತೈತಿ, ಅದು ಗ್ಯಾರಂಟಿ.

ಇಂಟೋನೇಶನ್ ಮಾಡೋವಾಗ ಆರನೇ ಸ್ಟ್ರಿಂಗಿನ ಸ್ಯಾಡಲ್ ಹಿಂದ ಸರಿಯಾಕ ಜಾಗಾ ಸಾಲದಿದ್ರ ಗಾಬರಿ ಆಗಬ್ಯಾಡ್ರಿ, ಅದರ ಹಿಂದಿನ ಸಣ್ಣ ಸ್ಪ್ರಿಂಗ್ ಒಂದೆರಡು ಸುತ್ತು ಕಟಿಂಗ್ ಪ್ಲೇಯರ್‌ಲೆ ಕತ್ತರಿಸಿದ್ರ ಆತು, ನಾನೂ ಹಂಗ ಮಾಡೀನಿ.