ಉಪ್ಪಿನ ಪ್ಯಾಕೆಟ್ ಮೇಲೆ ತಾರೀಖು

ನಾನು ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ವಯಸ್ಸು 49. ಎರಡು ವರ್ಷದ ಹಿಂದೆ ಜ್ವರ ಅಂತ ಡಾಕ್ಟರ್ ಹತ್ತಿರ ಹೋದಾಗ ಬಿಪಿನೂ ನೋಡಿದರು. 168/104. ತಲೆನೋವಿಲ್ಲ, ತಲೆಸುತ್ತಿಲ್ಲ. ಜ್ವರಕ್ಕೇ ಇರಬೇಕು ಅಂದುಕೊಂಡೆ. ಜ್ವರ ಬಿಟ್ಟ ಮೇಲೆ ಎರಡು ಸಲ ನೋಡಿದರೂ ಅಷ್ಟೇ.

ದಿನಕ್ಕೊಂದು ಆಮ್ಲೋಡಿಪಿನ್ ಅನ್ನೋ ಬಿಪಿ ಮಾತ್ರೆ ಶುರುವಾಯಿತು. ಎರಡು ತಿಂಗಳಲ್ಲಿ ಮೇಲಿನದು 130ಕ್ಕೆ ಇಳಿಯಿತು. ವಾಸಿಯಾಯ್ತು ಅಂತ ನಾನೇ ಮಾತ್ರೆ ಬಿಟ್ಟೆ. ಮೂರು ವಾರಕ್ಕೆ ಮತ್ತೆ 160 ದಾಟಿತು. ಡಾಕ್ಟರ್ ಬೈಯಲಿಲ್ಲ. 'ದಿನಾ ಬಾಕ್ಸ್ ಎತ್ತೋ ಹಮಾಲರ ತೋಳು ನೋಡಿದ್ದೀರಲ್ವಾ? ಬಿಪಿ ಜಾಸ್ತಿ ಇದ್ರೆ ರಕ್ತ ತಳ್ಳಿ ತಳ್ಳಿ ಹೃದಯದ ಗೋಡೆನೂ ಹಂಗೇ ದಪ್ಪ ಆಗುತ್ತೆ. ತೋಳಿಗೆ ಅದು ಒಳ್ಳೇದು, ಹೃದಯಕ್ಕಲ್ಲ' ಅಂದರು. ಆಮೇಲೆ ಮಾತ್ರೆ ತಪ್ಪಿಸಲಿಲ್ಲ.

ಕಷ್ಟವಾಗಿದ್ದು ಉಪ್ಪು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರಿಗೆ ಕೈಯಲ್ಲಿ ಹಾಕೋ ಉಪ್ಪನ್ನು ಯಾರು ತೂಗುತ್ತಾರೆ? ಲೆಕ್ಕದವನ ಬುದ್ಧಿ ಓಡಿಸಿದೆ. ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಲ್ಲಿ ತಾರೀಖು ಬರೆದೆ. ಮನೆಯಲ್ಲಿ ನಾಲ್ಕು ಜನ, ದಿನಕ್ಕೆ 20 ಗ್ರಾಂ. ಒಂದು ಕೆಜಿ 50 ದಿನ ಬರಬೇಕು. ನಮ್ಮಲ್ಲಿ 23ನೇ ದಿನಕ್ಕೇ ಖಾಲಿ! ಬೇಕರಿ ಖಾರ, ಹೋಟೆಲ್ ಚಟ್ನಿ ಈ ಲೆಕ್ಕಕ್ಕೇ ಬಂದಿಲ್ಲ.

ಮನೆಯವಳಿಗೆ ತೋರಿಸಿದೆ. 'ಉಪ್ಸಾರಿಗೆ ಹೆಸರಲ್ಲೇ ಉಪ್ಪಿದೆ ರೀ, ನಾನೇನು ಮಾಡ್ಲಿ?' ಅಂದಳು. ಮುದ್ದೆಗೆ ಹೇಗೂ ಉಪ್ಪು ಹಾಕಲ್ಲ. ಸಾರಿಗೆ ಮಾತ್ರ ವಾರ ವಾರ ಒಂದೊಂದು ಚಿಟಿಕೆ ಇಳಿಸಿದಳು, ಹುಣಸೆಹುಳಿ, ಬೆಳ್ಳುಳ್ಳಿ ಒಂದು ಕೈ ಮುಂದೆ. ಉಪ್ಪಿನಕಾಯಿ ಜಾಡಿ ಅಟ್ಟ ಸೇರಿತು. ಮಗ ಒಂದು ವಾರ ಮುಖ ಊದಿಸಿಕೊಂಡಿದ್ದ, ಆಮೇಲೆ ಮರೆತ. ನಾಲ್ಕನೇ ಪ್ಯಾಕೆಟ್ 41 ದಿನ ಬಂತು.

ಮನೆಗೊಂದು ಬಿಪಿ ಮೆಷಿನ್ ತಂದೆ. ಮೊದಮೊದಲು ಮಂಡಿಯಿಂದ ಬಂದವನೇ, ಟೀ ಕುಡಿದು, ಮಾತಾಡ್ತಾ ನೋಡುತ್ತಿದ್ದೆ. ಸುಮ್ನೆ ಜಾಸ್ತಿ ತೋರಿಸುತ್ತಿತ್ತು. ಈಗ ಬೆಳಿಗ್ಗೆ ಟೀಗೆ ಮುಂಚೆ, ಐದು ನಿಮಿಷ ಬೆನ್ನು ಆನಿಸಿ ಕೂತು, ಪಾದ ನೆಲದ ಮೇಲೆ, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ. ಬಾಯಿ ಮುಚ್ಚಿಕೊಂಡು. ಅದೇ ನನಗೆ ಕಷ್ಟ.

ಭಾನುವಾರ ಅಂತರಗಂಗೆ ಮೆಟ್ಟಿಲು ಹತ್ತುತ್ತೇನೆ. ಕಳೆದ ವಾರ 126/82. ಮಾತ್ರೆ ನಡೆಯುತ್ತಿದೆ. ಪ್ಯಾಕೆಟ್ ಮೇಲೆ ತಾರೀಖು ಬರೆಯೋದು ಈಗ ಮಗಳ ಕೆಲಸ. ಯುಗಾದಿ ಇದ್ದ ಪ್ಯಾಕೆಟ್ ಮಾತ್ರ 34ಕ್ಕೇ ಮುಗಿಯಿತು.