ಅಗ್ಗದ ವಿಮಾನ ನಿಜಕ್ಕೂ ಅಗ್ಗವೇ? ಲೆಕ್ಕ ಹಾಕುವುದು ಹೀಗೆ

ಎರಡು ವರ್ಷದ ಹಿಂದೆ ಚಿಕ್ಕಮ್ಮನ ಮಗಳ ಮದುವೆಗೆಂದು ನಾವು ನಾಲ್ಕು ಜನ ಬೆಂಗಳೂರಿನಿಂದ ಪುಣೆಗೆ ಹೊರಟಿದ್ದೆವು. ಮೊಬೈಲ್‌ನಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಕಡಿಮೆಗೆ ಕಂಡ ಟಿಕೆಟ್ ತೆಗೆದಿದ್ದೆ. ಅದು ಬರೀ ಕೈಚೀಲದ ಟಿಕೆಟ್ ಎಂದು ಸಣ್ಣ ಅಕ್ಷರದಲ್ಲಿತ್ತು. ನಾನು ಓದಿರಲಿಲ್ಲ. ಕೌಂಟರ್‌ನಲ್ಲಿ ಸೂಟ್‌ಕೇಸ್ ತೂಗಿದಾಗ ಕೇಳಿದ ಹಣ, ನಾಲ್ಕೂ ಟಿಕೆಟ್‌ನಲ್ಲಿ ಉಳಿಸಿದ್ದಕ್ಕಿಂತ ಜಾಸ್ತಿ. ಅಮ್ಮ ಅಷ್ಟು ಜನರ ಮುಂದೆ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ, ಯಾವ ಸೀರೆ ಕೈಚೀಲಕ್ಕೆ ಹೋಗುತ್ತದೆ ಎಂದು ನೋಡುತ್ತಾ ಕೂತಿದ್ದು ಇನ್ನೂ ಕಣ್ಣ ಮುಂದಿದೆ.

ಅವತ್ತಿನಿಂದ ಟಿಕೆಟ್ ತೆಗೆಯುವ ಮುಂಚೆ ಒಂದು ಹಾಳೆಯಲ್ಲಿ ಲೆಕ್ಕ ಬರೆಯುತ್ತೇನೆ. ಹತ್ತು ನಿಮಿಷದ ಕೆಲಸ ಅಷ್ಟೇ. ನೀವೂ ಮಾಡಿ.

ಮೊದಲು ಒಂದು ಮಾತು. ಕಡಿಮೆ ದರ ಎನ್ನುವುದು ಸುಳ್ಳಲ್ಲ. ನಮ್ಮ ದೇಶದಲ್ಲಿ ಇದನ್ನು ಶುರು ಮಾಡಿದ್ದೇ ಬೆಂಗಳೂರಿನ ಏರ್ ಡೆಕ್ಕನ್, 2003ರಲ್ಲಿ. ಅದನ್ನು ಕಟ್ಟಿದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಹಾಸನ ಜಿಲ್ಲೆಯ ಗೊರೂರಿನವರು. ರೈಲಿನಲ್ಲಿ ಓಡಾಡುತ್ತಿದ್ದ ಎಷ್ಟೋ ಜನ ಮೊದಲ ಸಲ ವಿಮಾನ ಹತ್ತಿದ್ದು ಆಗಲೇ. ಆದರೆ ಆ ಕಂಪನಿಯ ಹೆಸರುವಾಸಿ ಒಂದು ರೂಪಾಯಿ ಟಿಕೆಟ್ ಸಿಗುತ್ತಿದ್ದುದು ಕೆಲವೇ ಸೀಟಿಗೆ. ಅದರ ಮೇಲೆ ತೆರಿಗೆಯನ್ನು ಬೇರೆ ಕೊಡಬೇಕಿತ್ತು. ಅಂದರೆ ಬೋರ್ಡಿನ ಮೇಲಿನ ದರಕ್ಕೂ ಜೇಬಿನಿಂದ ಹೋಗುವ ಹಣಕ್ಕೂ ಅಂತರ ಶುರುವಿನಿಂದಲೂ ಇದೆ.

ಈ ಕಂಪನಿಗಳು ಖರ್ಚು ಉಳಿಸುವ ದಾರಿಗಳೂ ಗುಟ್ಟಲ್ಲ. ಆದಷ್ಟು ಒಂದೇ ಬಗೆಯ ವಿಮಾನ ಇಟ್ಟುಕೊಂಡರೆ ಪೈಲಟ್ ತರಬೇತಿ, ಬಿಡಿಭಾಗ ಎಲ್ಲವೂ ಸುಲಭ. ವಿಮಾನ ನೆಲದ ಮೇಲೆ ನಿಲ್ಲುವ ಹೊತ್ತು ಕಡಿಮೆಯಾದಷ್ಟೂ ದಿನಕ್ಕೆ ಒಂದು ಸುತ್ತು ಜಾಸ್ತಿ ಹಾರಬಹುದು. ಸೀಟು ಒತ್ತೊತ್ತಾಗಿ ಇರುತ್ತವೆ. ಊಟ, ಲಗೇಜ್, ಸೀಟು ಆರಿಸುವುದು, ಎಲ್ಲಕ್ಕೂ ಬೇರೆ ಬೇರೆ ಬೆಲೆ. ನಮ್ಮ ಲೆಕ್ಕ ಶುರುವಾಗುವುದು ಈ ಕೊನೆಯ ಸಾಲಿನಿಂದಲೇ.

ಕೊನೆಯ ಸ್ಕ್ರೀನ್‌ವರೆಗೆ ಹೋಗಿ

ಹುಡುಕಿದಾಗ ಕಾಣುವ ದರವನ್ನು ಬರೆದುಕೊಳ್ಳಬೇಡಿ. ಹೆಸರು ತುಂಬಿಸಿ, ಹಣ ಕಟ್ಟುವ ಪುಟದವರೆಗೆ ಹೋಗಿ. ಅಲ್ಲಿ ನಿಲ್ಲಿಸಿ, ವಿವರ ತೆರೆದು ನೋಡಿ. ಮೂಲ ದರ, ಇಂಧನ ಶುಲ್ಕ ಇದ್ದರೆ ಅದು, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ, ಭದ್ರತಾ ಶುಲ್ಕ, ಎಕಾನಮಿ ಟಿಕೆಟ್‌ಗೆ ಶೇ 5ರಷ್ಟು ಜಿಎಸ್‌ಟಿ. ಇವೆಲ್ಲದರ ಕೆಳಗೆ ಕನ್ವೀನಿಯನ್ಸ್ ಫೀ, ಅಂದರೆ ಆನ್‌ಲೈನ್ ಬುಕಿಂಗ್‌ನ ಸೇವಾ ಶುಲ್ಕ, ಅಂತ ಒಂದು ಸಾಲು ಸೇರಿಕೊಳ್ಳುತ್ತದೆ. ಇದನ್ನು ಸಾಮಾನ್ಯವಾಗಿ ತಲೆಗೆ ಇಷ್ಟು ಅಂತ ಹಾಕುತ್ತಾರೆ. ಟಿಕೆಟ್ ರದ್ದು ಮಾಡಿದರೂ ಅದು ವಾಪಸ್ ಬರುವುದಿಲ್ಲ. ಇನ್ಶೂರೆನ್ಸ್, ದಾನ ಇಂಥವಕ್ಕೆ ಮೊದಲೇ ಟಿಕ್ ಬಿದ್ದಿದ್ದರೆ ತೆಗೆಯಿರಿ.

ಇದೇ ಕೆಲಸವನ್ನು ಬುಕಿಂಗ್ ಆ್ಯಪ್‌ನಲ್ಲೂ ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲೂ ಮಾಡಿ. ಎರಡೂ ಕೊನೆಯ ಮೊತ್ತವನ್ನು ಪಕ್ಕಪಕ್ಕ ಬರೆಯಿರಿ.

ಲಗೇಜ್: ಇಲ್ಲಿ ನಿಧಾನ ಮಾಡಿ

ದೇಶದೊಳಗಿನ ಸಾಮಾನ್ಯ ಎಕಾನಮಿ ಟಿಕೆಟ್‌ನಲ್ಲಿ 15 ಕೆಜಿ ಚೆಕ್-ಇನ್ ಬ್ಯಾಗ್ (ಕೌಂಟರ್‌ನಲ್ಲಿ ಒಪ್ಪಿಸುವುದು), 7 ಕೆಜಿ ಕೈಚೀಲ ಎನ್ನುವುದು ರೂಢಿ. ಆದರೆ ಚೆಕ್-ಇನ್ ಬ್ಯಾಗ್ ಇಲ್ಲದ ಟಿಕೆಟ್ಟನ್ನು ಕಡಿಮೆಗೆ ಮಾರಬಹುದು ಎಂದು 2021ರಲ್ಲಿ ವಿಮಾನಯಾನದ ಸರ್ಕಾರಿ ನಿಯಂತ್ರಣ ಸಂಸ್ಥೆ ಡಿಜಿಸಿಎ ಕಂಪನಿಗಳಿಗೆ ಅನುಮತಿ ಕೊಟ್ಟಿತು. ಈಗ ಹುಡುಕಿದಾಗ ಮೊದಲು ಕಾಣುವುದು ಹಲವು ಸಲ ಇಂಥ ಟಿಕೆಟ್ಟೇ.

ಇದು ಕೆಟ್ಟದ್ದೇನಲ್ಲ. ಒಂದು ದಿನದ ಕೆಲಸಕ್ಕೆ ಹೋಗಿಬರುವವರಿಗೆ ನಿಜವಾಗಿಯೂ ಲಾಭ. ಮನೆಮಂದಿಯೆಲ್ಲ ಹೊರಟಾಗಲೂ ಲಾಭ ಆಗಬಹುದು, ಲೆಕ್ಕ ಹಾಕಿದರೆ. ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ. ಬ್ಯಾಗ್ ಇಲ್ಲದ ಟಿಕೆಟ್ 3,900 ರೂಪಾಯಿ, ಬ್ಯಾಗ್ ಇರುವುದು 4,400. ನಾಲ್ಕು ಜನಕ್ಕೆ 2,000 ರೂಪಾಯಿ ವ್ಯತ್ಯಾಸ. ನಾಲ್ಕೂ ಜನ ಸೇರಿ ನಿಜಕ್ಕೂ 60 ಕೆಜಿ ಒಯ್ಯುತ್ತೀರಾ? ಒಂದೇ ಸೂಟ್‌ಕೇಸ್ ಸಾಕು ಎಂದಾದರೆ ನಾಲ್ಕೂ ಟಿಕೆಟ್ ಕಡಿಮೆಯದ್ದೇ ತೆಗೆದು, ಒಬ್ಬರ ಹೆಸರಿಗೆ ಮಾತ್ರ 15 ಕೆಜಿಯನ್ನು ಆನ್‌ಲೈನ್‌ನಲ್ಲಿ ಮುಂಚೆಯೇ ಕೊಳ್ಳಬಹುದು. ಅದಕ್ಕೆ 1,200 ರೂಪಾಯಿ ಆಯಿತೆನ್ನಿ, ಆಗಲೂ 800 ಉಳಿಯಿತು. ಇಬ್ಬರಿಗೆ ಬ್ಯಾಗ್ ಬೇಕಾದರೆ ಖರ್ಚು 2,400. ಆಗ ಬ್ಯಾಗ್ ಇರುವ ಟಿಕೆಟ್ಟೇ ವಾಸಿ.

ಮುಖ್ಯವಾದದ್ದು ಮುಂಚೆಯೇ ಕೊಳ್ಳುವುದು. ಕೌಂಟರ್‌ನಲ್ಲಿ ಕೆಜಿ ಲೆಕ್ಕದಲ್ಲಿ ಕೊಟ್ಟರೆ ಅದೇ ಬ್ಯಾಗ್‌ಗೆ ತುಂಬಾ ಜಾಸ್ತಿ ಆಗುತ್ತದೆ. ಪುಣೆಗೆ ಹೊರಟಾಗ ನಮಗೆ ಆದದ್ದು ಅದೇ. ಮನೆಯಲ್ಲೇ ತೂಗಿ ನೋಡಿ. ಕೈಯಲ್ಲಿ ಹಿಡಿದು ತೂಗುವ ಸಣ್ಣ ತಕ್ಕಡಿ ಸಿಗುತ್ತದೆ. ಇಲ್ಲವಾದರೆ ಬ್ಯಾಗ್ ಹಿಡಿದು ತೂಕದ ಮಷೀನಿನ ಮೇಲೆ ನಿಂತು ನಿಮ್ಮ ತೂಕ ಕಳೆಯಿರಿ. ಓದಲು ಹೋಗುವ ಮಕ್ಕಳಿದ್ದರೆ ವಿದ್ಯಾರ್ಥಿ ದರ ಹುಡುಕಿ. ಕೆಲವು ಕಂಪನಿಗಳು ಅವರಿಗೆ 10 ಕೆಜಿ ಹೆಚ್ಚಿಗೆ ಬಿಡುತ್ತವೆ.

ಸೀಟು ಮತ್ತು ಊಟ

ವೆಬ್ ಚೆಕ್-ಇನ್ ಮಾಡುವಾಗ, ಅಂದರೆ ಹೊರಡುವ ಮುಂಚೆ ಆನ್‌ಲೈನ್‌ನಲ್ಲೇ ಬೋರ್ಡಿಂಗ್ ಪಾಸ್ ಪಡೆಯುವಾಗ, ಬಹುತೇಕ ಸೀಟುಗಳ ಮೇಲೆ ಬೆಲೆ ಕಾಣುತ್ತದೆ. ಕೊಳ್ಳಲೇಬೇಕು ಅಂತ ಏನೂ ಇಲ್ಲ. ಸುಮ್ನೆ ಮುಂದೆ ಹೋದರೆ ಉಳಿದ ಯಾವುದೋ ಸೀಟು ಪುಕ್ಕಟೆ ಸಿಗುತ್ತದೆ. 12 ವರ್ಷದವರೆಗಿನ ಮಕ್ಕಳಿಗೆ ಅದೇ ಬುಕಿಂಗ್‌ನಲ್ಲಿರುವ ಅಪ್ಪ ಅಥವಾ ಅಮ್ಮನ ಪಕ್ಕವೇ ಸೀಟು ಕೊಡಬೇಕೆಂದು 2024ರಲ್ಲಿ ಡಿಜಿಸಿಎ ಹೇಳಿದೆ. ಮಗು ದೂರ ಕೂತೀತು ಎಂಬ ಭಯಕ್ಕೆ ಹಣ ಕೊಡಬೇಡಿ. ಕೌಂಟರ್‌ನಲ್ಲಿ ಬೋರ್ಡಿಂಗ್ ಪಾಸ್ ಕೊಡಲು ಹಣ ಕೇಳಬಾರದು ಎಂದು 2022ರಲ್ಲೇ ಸರ್ಕಾರ ತಿಳಿಸಿದೆ.

ಊಟಕ್ಕೆ ಮನೆಯ ಚಪಾತಿ, ಚಿತ್ರಾನ್ನ ಕಟ್ಟಿಕೊಳ್ಳಿ. ಖಾಲಿ ನೀರಿನ ಬಾಟಲಿ ಒಯ್ದು ಒಳಗೆ ತುಂಬಿಸಿಕೊಳ್ಳಿ.

ನಾಲ್ವರಿಗೆ ಹುಡುಕುವ ಮುಂಚೆ ಒಬ್ಬರಿಗೆ ಹುಡುಕಿ

ಇದು ಬಹಳ ಜನಕ್ಕೆ ಗೊತ್ತಿಲ್ಲ. ವಿಮಾನದ ಸೀಟುಗಳನ್ನು ಹಂತ ಹಂತವಾಗಿ ಬೇರೆ ಬೇರೆ ದರಕ್ಕೆ ಇಟ್ಟಿರುತ್ತಾರೆ. ಕೆಳಗಿನ ಹಂತ ಮುಗಿದ ಮೇಲೆ ಮುಂದಿನದು. ಕೆಳ ಹಂತದಲ್ಲಿ ಎರಡೇ ಸೀಟು ಉಳಿದಿವೆ ಎನ್ನಿ. ನೀವು ನಾಲ್ಕು ಸೀಟು ಕೇಳಿದರೆ, ಸಾಮಾನ್ಯವಾಗಿ ನಾಲ್ಕಕ್ಕೂ ಮೇಲಿನ ಹಂತದ ದರವನ್ನೇ ತೋರಿಸುತ್ತದೆ. ಹಾಗಾಗಿ ಮೊದಲು ಒಂದು ಸೀಟು, ಆಮೇಲೆ ಎರಡು, ಆಮೇಲೆ ನಾಲ್ಕು ಹುಡುಕಿ ನೋಡಿ. ತಲಾ ದರ ಬದಲಾದರೆ ಇಬ್ಬಿಬ್ಬರಾಗಿ ಎರಡು ಬುಕಿಂಗ್ ಮಾಡಿ. ಚಿಕ್ಕ ಮಕ್ಕಳನ್ನು ಮಾತ್ರ ಅಪ್ಪ ಅಮ್ಮನ ಬುಕಿಂಗ್‌ನಿಂದ ಬೇರೆ ಮಾಡಬೇಡಿ.

ಬಾಗಿಲಿಂದ ಬಾಗಿಲಿಗೆ

ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಒಂದು ಗಂಟೆ ಅಷ್ಟೇ, ಅಲ್ವಾ? ಆದರೆ ನಿಮ್ಮ ಮನೆ ಬನಶಂಕರಿಯಲ್ಲಿದ್ದರೆ ದೇವನಹಳ್ಳಿ ಹತ್ತಿರದ ನಿಲ್ದಾಣಕ್ಕೆ ಟ್ಯಾಕ್ಸಿ ಬಾಡಿಗೆ ಎಷ್ಟು? ಟ್ರಾಫಿಕ್ ನೋಡಿ ಎಷ್ಟು ಮುಂಚೆ ಹೊರಡಬೇಕು? ಆ ಕಡೆ ಇಳಿದ ಮೇಲಿನ ಆಟೊ ಎಷ್ಟು? ಇವನ್ನೂ ಹಾಳೆಯಲ್ಲಿ ಬರೆಯಿರಿ. ಪಕ್ಕದಲ್ಲಿ 2023ರಲ್ಲಿ ಶುರುವಾದ ಧಾರವಾಡದ ವಂದೇ ಭಾರತ್ ರೈಲಿನ ದರ, ರಾತ್ರಿ ಸ್ಲೀಪರ್ ಬಸ್ಸಿನ ದರ ಹಾಕಿ. ನಾನು ಲೆಕ್ಕ ಹಾಕಿದಾಗಲೆಲ್ಲ ಹುಬ್ಬಳ್ಳಿಗೆ ರೈಲೇ ಗೆದ್ದಿದೆ. ದೆಹಲಿಗೆ, ಕೋಲ್ಕತ್ತಕ್ಕೆ ಹಾಗಲ್ಲ. ಅಲ್ಲಿ ಒಂದೂವರೆ ದಿನ ಉಳಿಯುತ್ತದೆ, ವಿಮಾನಕ್ಕೆ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ತಪ್ಪಿಲ್ಲ. ನಿಲ್ದಾಣಕ್ಕೆ ಒಬ್ಬರೇ ಹೋಗುವುದಾದರೆ ವಾಯುವಜ್ರ ಬಸ್ ಹಿಡಿಯಿರಿ. ಟಿಕೆಟ್‌ನಲ್ಲಿ ಉಳಿಸಿದ್ದು ಟ್ಯಾಕ್ಸಿಗೆ ಹೋಗುವುದಿಲ್ಲ.

‘ಬಜೆಟ್’ ಎಂಬ ಹೆಸರನ್ನು ನೋಡಿ ನಂಬಬೇಡಿ. ನಮ್ಮಲ್ಲಿ ಕಂಪನಿಗಳು ಕಡಿಮೆಯಾಗಿವೆ. ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ನಿಂತವು. ವಿಸ್ತಾರಾ 2024ರಲ್ಲಿ ಏರ್ ಇಂಡಿಯಾ ಜೊತೆ ಸೇರಿತು. ದೇಶದೊಳಗೆ ಹಾರುವ ನೂರು ಜನರಲ್ಲಿ 60ಕ್ಕಿಂತ ಹೆಚ್ಚು ಜನ ಇಂಡಿಗೋ ಒಂದರಲ್ಲೇ ಹೋಗುತ್ತಾರೆ. ಒಂದೇ ಕಂಪನಿ ಹಾರುವ ದಾರಿಯಲ್ಲಿ, ಹಬ್ಬದ ಮುಂಚಿನ ದಿನ, ಅಗ್ಗದ ಕಂಪನಿಯ ದರವೂ ಆಕಾಶಕ್ಕೆ ಏರುತ್ತದೆ. 2025ರ ಡಿಸೆಂಬರ್‌ನಲ್ಲಿ ಸಾಲು ಸಾಲು ವಿಮಾನಗಳು ರದ್ದಾದಾಗ ದರ ಎಷ್ಟು ಏರಿತೆಂದರೆ, 500 ಕಿ.ಮೀ. ಒಳಗಿನ ದಾರಿಗೆ 7,500 ರೂಪಾಯಿ ಮೀರಬಾರದು ಎಂದು ಸರ್ಕಾರವೇ ಮಿತಿ ಹಾಕಬೇಕಾಯಿತು. ಆದ್ದರಿಂದ ಊಟ ಕೊಡುವ ದೊಡ್ಡ ಕಂಪನಿಯ ದರವನ್ನೂ ಒಮ್ಮೆ ನೋಡಿ. ಎಲ್ಲ ಸೇರಿಸಿದರೆ ಕೆಲವೊಮ್ಮೆ ಅದೇ ಕಡಿಮೆ ಇರುತ್ತದೆ.

ರದ್ದು ಮಾಡಬೇಕಾದರೆ

ಹೋಗುವುದು ಖಚಿತವಿಲ್ಲದಿದ್ದರೆ ಅತಿ ಅಗ್ಗದ ಟಿಕೆಟ್ ತೆಗೆಯಬೇಡಿ. ತೆಗೆದು ರದ್ದು ಮಾಡಬೇಕಾಗಿ ಬಂದರೂ ಎಲ್ಲ ಹೋಯಿತು ಎಂದು ಬಿಟ್ಟುಬಿಡಬೇಡಿ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತವನ್ನು ಮೀರುವಂತಿಲ್ಲ. ತೆರಿಗೆ, ನಿಲ್ದಾಣದ ಬಳಕೆದಾರರ ಶುಲ್ಕವನ್ನು ವಾಪಸ್ ಕೊಡಲೇಬೇಕು. ಹಣ ಹಿಂತಿರುಗದ ಟಿಕೆಟ್‌ಗೂ ಈ ನಿಯಮ ಇದೆ. ಕೇಳದೆ ಬಿಟ್ಟರೆ ಆ ಹಣ ಅಲ್ಲೇ ಉಳಿದುಹೋಗುತ್ತದೆ. ಹೊರಡುವ ದಿನಕ್ಕೆ ಕನಿಷ್ಠ 7 ದಿನ ಮುಂಚೆ ಕಂಪನಿಯ ವೆಬ್‌ಸೈಟ್‌ನಲ್ಲೇ ಬುಕ್ ಮಾಡಿದ್ದರೆ, ಬುಕ್ ಆದ 48 ಗಂಟೆಯೊಳಗೆ ರದ್ದು ಮಾಡಲು ಶುಲ್ಕವಿಲ್ಲ. ಕಂಪನಿ ಸ್ಪಂದಿಸದಿದ್ದರೆ ಸರ್ಕಾರದ ಏರ್‌ಸೇವಾ ಎಂಬ ದೂರಿನ ವೆಬ್‌ಸೈಟ್‌ನಲ್ಲಿ ದೂರು ಬರೆಯಿರಿ. ಟಿಕೆಟ್, ಕೊಟ್ಟ ರಸೀದಿ, ಬಂದ ಮೆಸೇಜು, ಎಲ್ಲದರ ಫೋಟೊ ಜೊತೆಗಿಡಿ.