ರಾತ್ರಿ ಕತೆಗೆ ಕಾಡು, ನದಿ, ಹಕ್ಕಿ: ಪುಸ್ತಕ ಆರಿಸುವುದು ಹೇಗೆ?

ಪುಸ್ತಕ ತಂದ ಕೂಡಲೇ ಮಗುವಿನ ಮುಂದೆ ತೆರೆಯಬೇಡಿ. ಮೊದಲು ನೀವೊಬ್ಬರೇ ಕುಳಿತು ಎರಡು ಪುಟ ಗಟ್ಟಿಯಾಗಿ ಓದಿ. ಕಣ್ಣಿಗೆ ಚೆಂದ ಕಂಡ ವಾಕ್ಯ ಎಷ್ಟೋ ಸಲ ನಾಲಿಗೆಗೆ ತೊಡಕಾಗುತ್ತದೆ. ಉಸಿರು ಎಳೆದುಕೊಳ್ಳಲು ಜಾಗವೇ ಇಲ್ಲದಿದ್ದರೆ ಅದು ಹಗಲಿನ ಓದಿಗಿರಲಿ. ಮಳೆ ಜಿಟಿಜಿಟಿ ಎನ್ನಬೇಕು, ತೊರೆ ಜುಳುಜುಳು ಎನ್ನಬೇಕು, ಒಣ ಎಲೆ ಸರಸರ ಎನ್ನಬೇಕು. ಇಂಥ ಸದ್ದುಗಳಿಗೆ ನಮ್ಮ ಭಾಷೆಯಲ್ಲಿ ಬರವೇ ಇಲ್ಲ. ಅವು ತುಂಬಿರುವ ಪುಸ್ತಕವನ್ನೇ ಹುಡುಕಿ.

ಆಮೇಲೆ, ಕತೆಯಲ್ಲಿ ಪ್ರಕೃತಿ ನಿಜವಾಗಿ ಇದೆಯೇ ನೋಡಿ. ಇದು ಬಹಳ ಮುಖ್ಯ. ಮೊಲಕ್ಕೆ ಅಂಗಿ ತೊಡಿಸಿ ಬುದ್ಧಿಮಾತು ಹೇಳಿಸಿದರೆ ಅದು ಮನುಷ್ಯರ ಕತೆಯೇ ಆಯಿತು, ಅಲ್ವಾ? ಮೊಲ ಕಿವಿ ನಿಮಿರಿಸಬೇಕು, ಮಣ್ಣಿನ ವಾಸನೆ ಹಿಡಿಯಬೇಕು. ಇರುಳಿನಲ್ಲಿ ನಡೆಯುವ ನಿಜ ಸಂಗತಿಗಳೇ ಸಾಕಷ್ಟು ಬೆರಗು ಹುಟ್ಟಿಸುತ್ತವೆ. ಕತ್ತಲಾದರೆ ಮುಟ್ಟಿದರೆ ಮುನಿ ಗಿಡ ಎಲೆ ಮಡಚಿಕೊಳ್ಳುತ್ತದೆ. ಡಾಲ್ಫಿನ್ ನಿದ್ದೆ ಮಾಡುವಾಗ ಅದರ ಅರ್ಧ ಮಿದುಳು ಎಚ್ಚರವಾಗಿರುತ್ತದೆ. ಹೆಚ್ಚಿನ ಗೂಬೆಗಳ ರೆಕ್ಕೆಯಂಚು ಬಾಚಣಿಗೆಯಂತಿರುತ್ತದೆ, ಹಾಗಾಗಿ ಹಾರಿದರೂ ಸದ್ದು ಕೇಳುವುದೇ ಕಷ್ಟ. ಇಂಥದೊಂದು ಸಂಗತಿ ಕತೆಯೊಳಗೆ ಹೆಣೆದುಕೊಂಡಿದ್ದರೆ ಮಗು ಅದನ್ನು ಮರುದಿನವೂ ನೆನೆಯುತ್ತದೆ.

ಈಗ ಕೊನೆಯ ನಾಲ್ಕೈದು ಪುಟ ತಿರುವಿ. ಬಿರುಗಾಳಿ, ಬೇಟೆ, ದಾರಿ ತಪ್ಪಿದ ಮರಿ ಎಲ್ಲವೂ ಇರಲಿ, ಆದರೆ ಮೊದಲರ್ಧದಲ್ಲಿ. ಭಯವೇ ಇಲ್ಲದ ಕಾಡು ಸಪ್ಪೆ. ಕೊನೆಗೆ ಮಾತ್ರ ಗಾಳಿ ಇಳಿಯಬೇಕು, ಮರಿ ಗೂಡು ಸೇರಬೇಕು, ವಾಕ್ಯಗಳೂ ಚಿಕ್ಕದಾಗುತ್ತಾ ಬರಬೇಕು. ತಾಯಿ ಸಿಗದೇ ಮುಗಿಯುವ ಕತೆಯನ್ನು ಮಲಗುವ ಹೊತ್ತಿಗೆ ನಾನಂತೂ ಆರಿಸುವುದಿಲ್ಲ.

ಉದ್ದದ ಬಗ್ಗೆ ಜಾಸ್ತಿ ಯೋಚನೆ ಬೇಡ. ಮಕ್ಕಳ ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ ಇರುತ್ತದೆ, ಹತ್ತು ಹದಿನೈದು ನಿಮಿಷದ ಓದು. ಆದಷ್ಟು ಕಾಗದದ ಪುಸ್ತಕವೇ ಇರಲಿ. ಪರದೆಯ ಬೆಳಕು ನಿದ್ದೆಗೆ ಬೇಕಾದ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ.

‘ನಿನ್ನೆಯದ್ದೇ ಓದು’ ಎಂದು ಮಗು ಹಟ ಹಿಡಿದರೆ ಬೇಸರ ಮಾಡಿಕೊಳ್ಳಬೇಡಿ. ಬೇರೆ ಬೇರೆ ಕತೆ ಕೇಳಿದ ಮೂರು ವರ್ಷದ ಮಕ್ಕಳಿಗಿಂತ ಒಂದೇ ಕತೆಯನ್ನು ಮತ್ತೆ ಮತ್ತೆ ಕೇಳಿದವರು ಹೊಸ ಪದಗಳನ್ನು ಚೆನ್ನಾಗಿ ಕಲಿತರು ಎಂದು 2011ರಲ್ಲಿ ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಅಧ್ಯಯನ ತೋರಿಸಿತು. ಹಾಗಾಗಿ ನಿಮಗೂ ಹತ್ತು ಸಲ ಓದುವ ಆಸೆ ಬರುವಂಥದ್ದನ್ನೇ ಆರಿಸಿ.

ಓದಿ ಮುಗಿಸಿದ ಮೇಲೆ ‘ಇದರಿಂದ ಏನು ಕಲಿತೆ?’ ಎಂದು ಕೇಳಬೇಡಿ. ಬಂದ ನಿದ್ದೆ ಹಾರಿಹೋಗುತ್ತದೆ. ದೀಪ ಆರಿಸಿ, ಇಬ್ಬರೂ ಸುಮ್ನೆ ಹೊರಗಿನ ಸದ್ದಿಗೆ ಕಿವಿಗೊಡಿ. ಯಾವುದೋ ಹುಳು ಕಿರ್ ಎನ್ನುತ್ತಿರಬಹುದು.